ಅಂಚಿಗೆ ಬಡಿದು ವಾಪಸ್ ಬಂದ ಸ್ಟ್ರೈಕರ್: ಸಂವೇಗ ಎಲ್ಲಿ ಹೋಯಿತು?

ಪ್ರಶ್ನೆ: ಮೇಡಂ, ನಾನು ಉಡುಪಿಯಲ್ಲಿ ಪ್ರಥಮ ಪಿಯುಸಿ ಓದುತ್ತಿದ್ದೇನೆ. ಎಲಾಸ್ಟಿಕ್ ಡಿಕ್ಕಿಯ (ಚಲನಶಕ್ತಿ ಕಳೆದುಹೋಗದ ಡಿಕ್ಕಿ) ಲೆಕ್ಕಕ್ಕೆ ಸಂವೇಗ ಸಂರಕ್ಷಣೆಯ ಸಮೀಕರಣವನ್ನೂ ಚಲನಶಕ್ತಿ ಸಂರಕ್ಷಣೆಯ ಸಮೀಕರಣವನ್ನೂ ಬರೆಯಬೇಕು ಅಂತಾರೆ. ಎರಡರಲ್ಲೂ ಇರುವುದು ರಾಶಿ ಮತ್ತು ವೇಗ ಮಾತ್ರ. ಒಂದು ಉಳಿದರೆ ಇನ್ನೊಂದು ತಾನಾಗಿಯೇ ಉಳಿಯಬೇಕು ಅಲ್ವಾ? ಮತ್ತೆ, ಮನೆಯಲ್ಲಿ ಕೇರಂ ಆಡುವಾಗ ಸ್ಟ್ರೈಕರ್ ಎದುರಿನ ಅಂಚಿಗೆ ಬಡಿದು ವಾಪಸ್ ಬರುತ್ತದೆ. ಹೋಗುವಾಗ ಸಂವೇಗ ಪ್ಲಸ್ ಆದರೆ ಬರುವಾಗ ಮೈನಸ್. ಹಾಗಾದರೆ ಅದು ಉಳಿದದ್ದು ಹೇಗೆ? ಭಾರದ ಸ್ಟ್ರೈಕರ್ ತಗೊಂಡರೆ ಕಾಯಿನ್ ಜಾಸ್ತಿ ಜೋರಾಗಿ ಹೋಗುತ್ತದೆ ಅಂತ ಅಣ್ಣ ಹೇಳುತ್ತಾನೆ. ಅದು ಹೌದಾ?

ಉತ್ತರ: ಮೂರೂ ಪ್ರಶ್ನೆಗಳಿಗೆ ಕೇರಂ ಬೋರ್ಡೇ ಸಾಕು. ಪಂದ್ಯದ ನಿಯಮದ ಪ್ರಕಾರ ಸ್ಟ್ರೈಕರ್ 15 ಗ್ರಾಂ ಮೀರಬಾರದು. ಕಾಯಿನ್ 5ರಿಂದ 5.5 ಗ್ರಾಂ ಒಳಗೆ ಇರಬೇಕು. ನಾವು 15 ಮತ್ತು 5 ಎಂದು ಹಿಡಿಯೋಣ, ಬಾಯಿಲೆಕ್ಕಕ್ಕೆ ಸುಲಭ. ಸ್ಟ್ರೈಕರ್ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಹೋಗಿ, ಸುಮ್ನೆ ಕೂತಿರುವ ಒಂದು ಕಾಯಿನ್‌ಗೆ ನಟ್ಟನಡುವೆ ಬಡಿಯುತ್ತದೆ ಅಂದುಕೊಳ್ಳಿ.

ಬಡಿಯುವ ಮೊದಲು ಸಂವೇಗ, ಅಂದರೆ ರಾಶಿ × ವೇಗ, 15 × 4 = 60. ಏಕಮಾನ ಗ್ರಾಂ-ಮೀಟರ್ ಪ್ರತಿ ಸೆಕೆಂಡ್. ಪರೀಕ್ಷೆಯಲ್ಲಿ ಕೆಜಿಗೆ ಬದಲಿಸಿ ಬರೆಯಿರಿ, ಇಲ್ಲಿ ಬೇಡ. ಚಲನಶಕ್ತಿ ½ × 15 × 4 × 4 = 120 ಮಿಲಿಜೂಲ್. 60 ಮತ್ತು 120, ಈ ಎರಡು ಸಂಖ್ಯೆಗಳನ್ನು ನೆನಪಿಟ್ಟುಕೊಳ್ಳಿ.

ಈಗ ಸಂವೇಗ ಒಂದನ್ನೇ ಕೇಳೋಣ: ಡಿಕ್ಕಿಯ ನಂತರ ಏನಾಗಬಹುದು? ಸ್ಟ್ರೈಕರ್‌ಗೂ ಕಾಯಿನ್‌ಗೂ ಅಂಟು ಹಚ್ಚಿದ್ದರೆ ಎರಡೂ ಸೇರಿ 3 ಮೀ/ಸೆ ವೇಗದಲ್ಲಿ ಹೋಗಬಹುದು. 45 + 15 = 60, ಸಂವೇಗಕ್ಕೆ ಒಪ್ಪಿಗೆ. ಸ್ಟ್ರೈಕರ್ 2.5, ಕಾಯಿನ್ 4.5 ಆದರೆ? 37.5 + 22.5 = 60, ಅದಕ್ಕೂ ಒಪ್ಪಿಗೆ. ಸ್ಟ್ರೈಕರ್ 1, ಕಾಯಿನ್ 9 ಆದರೆ? 15 + 45 = 60, ಇದಕ್ಕೂ ತಕರಾರಿಲ್ಲ. ಹೀಗೆ ಎಷ್ಟು ಜೋಡಿ ಬೇಕಾದರೂ ಬರೆಯಬಹುದು. ಸಂವೇಗ ಉಳಿಯಬೇಕು ಎನ್ನುವ ಷರತ್ತು ಇವುಗಳಲ್ಲಿ ಯಾವುದನ್ನೂ ತಳ್ಳಿಹಾಕುವುದಿಲ್ಲ.

ಇದೇ ಜೋಡಿಗಳ ಚಲನಶಕ್ತಿ ನೋಡಿ. ಅಂಟಿಕೊಂಡಾಗ 67.5 + 22.5 = 90 ಮಿಲಿಜೂಲ್. 120ರಲ್ಲಿ 30 ಕಾಣೆ. ಎರಡನೆಯದರಲ್ಲಿ ಸುಮಾರು 97.5. ಮೂರನೆಯದರಲ್ಲಿ 7.5 + 202.5 = 210! ಎಲ್ಲಿಂದಲೋ 90 ಮಿಲಿಜೂಲ್ ಜಾಸ್ತಿ ಬಂತು. ನಡುವೆ ಒಂದು ಪಟಾಕಿ ಸಿಡಿದರೆ ಮಾತ್ರ ಹೀಗಾಗಬಹುದು. ಹಾಗಾಗಿ ಒಂದು ಉಳಿದರೆ ಇನ್ನೊಂದು ತಾನಾಗಿಯೇ ಉಳಿಯುವುದಿಲ್ಲ. ಸಂವೇಗದಲ್ಲಿ ವೇಗ ಒಂದೇ ಸಲ ಇದೆ, ಅದಕ್ಕೆ ದಿಕ್ಕೂ ಇದೆ. ಚಲನಶಕ್ತಿಯಲ್ಲಿ ವೇಗದ ವರ್ಗ ಇದೆ, ಅಲ್ಲಿ ದಿಕ್ಕು ಅಳಿಸಿ ಹೋಗಿರುತ್ತದೆ. ಒಂದರ ಲೆಕ್ಕ ಸರಿಯಾದರೂ ಇನ್ನೊಂದು ತಪ್ಪಬಹುದು.

ಎರಡೂ ಷರತ್ತುಗಳನ್ನು ಒಟ್ಟಿಗೆ ಹಾಕಿದರೆ ಉಳಿಯುವುದು ಎರಡೇ ಉತ್ತರ. ಒಂದು: ಸ್ಟ್ರೈಕರ್ 2, ಕಾಯಿನ್ 6. ಸಂವೇಗ 30 + 30 = 60. ಚಲನಶಕ್ತಿ 30 + 90 = 120. ಇನ್ನೊಂದು: ಸ್ಟ್ರೈಕರ್ 4, ಕಾಯಿನ್ 0. ಅಂದರೆ ಗುರಿ ತಪ್ಪಿ ಪಕ್ಕದಿಂದ ಹಾದುಹೋಯಿತು, ಡಿಕ್ಕಿಯೇ ಆಗಲಿಲ್ಲ! ಸಮೀಕರಣಕ್ಕೆ ನೀವು ಗುರಿ ಇಟ್ಟದ್ದು ಗೊತ್ತಿಲ್ಲ, ಪಾಪ. ವರ್ಗ ಸಮೀಕರಣ ಬಿಡಿಸುವಾಗ ಎರಡು ಉತ್ತರ ಬಂದರೆ ಗಾಬರಿಯಾಗಬೇಡಿ. ಅದರಲ್ಲಿ ಒಂದು ಯಾವಾಗಲೂ ಈ ತಪ್ಪಿದ ಹೊಡೆತ.

ಸರಿಯಾದ ಉತ್ತರವನ್ನು ಸ್ವಲ್ಪ ಹತ್ತಿರದಿಂದ ನೋಡಿ. ಡಿಕ್ಕಿಯ ನಂತರ ಸಂವೇಗ ಇಬ್ಬರಿಗೂ ಸಮಪಾಲು, 30 ಮತ್ತು 30. ಶಕ್ತಿಯಲ್ಲಿ ಮಾತ್ರ ಮುಕ್ಕಾಲು ಭಾಗವನ್ನು ಚಿಕ್ಕ ಕಾಯಿನ್ನೇ ಹೊಡೆದುಕೊಂಡಿದೆ. ಒಂದೇ ಸಂವೇಗ ಇದ್ದಾಗ ಹಗುರದ ವಸ್ತುವಿನ ಹತ್ತಿರವೇ ಶಕ್ತಿ ಜಾಸ್ತಿ. ಸಂವೇಗದ ವರ್ಗವನ್ನು ರಾಶಿಯ ಎರಡರಷ್ಟರಿಂದ ಭಾಗಿಸಿದರೆ ಚಲನಶಕ್ತಿ ಬರುತ್ತದೆ, ಭಾಗಿಸುವ ರಾಶಿ ಚಿಕ್ಕದಾದಷ್ಟೂ ಬರುವ ಶಕ್ತಿ ದೊಡ್ಡದು. ಅಂಚಿನ ಪ್ರಶ್ನೆಗೆ ಇದೇ ಕೀಲಿಕೈ.

ಇನ್ನೊಂದು ವಿಷಯ ಗಮನಿಸಿದಿರಾ? ಸ್ಟ್ರೈಕರ್ 2 ಮೀ/ಸೆ ವೇಗದಲ್ಲಿ ಕಾಯಿನ್ನಿನ ಹಿಂದೆಯೇ ಹೋಗುತ್ತಿದೆ. ಪಾಕೆಟ್ ಬಾಯಲ್ಲಿ ಕೂತ ಕಾಯಿನ್‌ಗೆ ನೇರ ಜೋರಾಗಿ ಹೊಡೆದರೆ ಕಾಯಿನ್ ಹಿಂದೆಯೇ ಸ್ಟ್ರೈಕರೂ ಬಿದ್ದು ಫೈನ್ ಆಗುವುದು ಇದಕ್ಕೇ. ಸ್ಟ್ರೈಕರ್ ಕಾಯಿನ್ನಷ್ಟೇ ತೂಕ ಇದ್ದಿದ್ದರೆ ಹೊಡೆದ ಜಾಗದಲ್ಲೇ ನಿಂತುಬಿಡುತ್ತಿತ್ತು.

ಪರೀಕ್ಷೆಗೆ ಒಂದು ಸಲಹೆ. ವರ್ಗ ಸಮೀಕರಣದ ದಾರಿ ಹಿಡಿಯಬೇಡಿ, ಸಮಯ ಹಾಳು. ನೇರ ಎಲಾಸ್ಟಿಕ್ ಡಿಕ್ಕಿಯಲ್ಲಿ ಹತ್ತಿರ ಬರುವ ವೇಗ ಎಷ್ಟೋ ದೂರ ಸರಿಯುವ ವೇಗವೂ ಅಷ್ಟೇ. ನಮ್ಮ ಲೆಕ್ಕದಲ್ಲಿ ಹತ್ತಿರ ಬಂದದ್ದು 4, ದೂರ ಸರಿದದ್ದು 6 − 2 = 4. ಸಂವೇಗದ ಸಮೀಕರಣದ ಜೊತೆ ಈ ಒಂದು ಸಾಲು ಬರೆದರೆ ಚಲನಶಕ್ತಿಯ ಸಮೀಕರಣ ಬರೆದಂತೆಯೇ. ತಪ್ಪಿದ ಹೊಡೆತದ ಉತ್ತರವೂ ತಾನಾಗಿಯೇ ಬಿಟ್ಟುಹೋಗುತ್ತದೆ.

ಕೆಲವು ಗೈಡುಗಳಲ್ಲಿ 'ಎಲಾಸ್ಟಿಕ್ ಡಿಕ್ಕಿಯ ಉದ್ದಕ್ಕೂ ಚಲನಶಕ್ತಿ ಬದಲಾಗುವುದಿಲ್ಲ' ಎಂಬ ಮಾತು ಇರುತ್ತದೆ. ಇದನ್ನು ನಂಬಬೇಡಿ. ಮೊದಲು ಮತ್ತು ನಂತರ ಸಮ ಇರುತ್ತದೆ, ನಡುವೆ ಇರುವುದಿಲ್ಲ. ಸ್ಟ್ರೈಕರ್ ಬಂದು ತಾಗಿದಾಗ ಅದರ ವೇಗ 4ರಿಂದ ಇಳಿಯುತ್ತದೆ, ಕಾಯಿನ್ನಿನದು 0ಯಿಂದ ಏರುತ್ತದೆ. ಒಂದು ಕ್ಷಣ ಎರಡರ ವೇಗವೂ ಒಂದೇ ಆಗಲೇಬೇಕು. ಅದು 3 ಮೀ/ಸೆ. ಆಗ ಚಲನಶಕ್ತಿ ಎಷ್ಟು? ಮೇಲೆ ಅಂಟಿನ ಲೆಕ್ಕದಲ್ಲಿ ಬಂದ ಅದೇ 90 ಮಿಲಿಜೂಲ್. ಉಳಿದ 30 ಮಿಲಿಜೂಲ್ ಎರಡೂ ಬಿಲ್ಲೆಗಳು ಕಣ್ಣಿಗೆ ಕಾಣದಷ್ಟು ಅಮುಕಿಕೊಂಡ ಜಾಗದಲ್ಲಿ ಅಡಗಿರುತ್ತದೆ. ಅಮುಕಿದ್ದು ಪೂರ್ತಿ ಹಿಗ್ಗಿ ಆ 30ನ್ನೂ ಹಿಂದೆ ಕೊಟ್ಟರೆ ಅದು ಎಲಾಸ್ಟಿಕ್. ಏನೂ ಕೊಡದೆ ಅಂಟಿಯೇ ಉಳಿದರೆ ಪೂರ್ತಿ ಇನ್‌ಎಲಾಸ್ಟಿಕ್. ನಿಜವಾದ ಕೇರಂ ಡಿಕ್ಕಿ ಇವೆರಡರ ನಡುವೆ ಎಲ್ಲೋ ಇದೆ. ನಿಮಗೆ ಕೇಳುವ 'ಟಕ್' ಶಬ್ದ ಹಿಂದೆ ಬಾರದ ಶಕ್ತಿಯ ಒಂದು ಚೂರು. ಇನ್ನೊಂದು ಚೂರು ಬಿಸಿಯಾಗಿ ಹೋಗುತ್ತದೆ. ಒಟ್ಟು ಶಕ್ತಿ ಎಲ್ಲೂ ನಾಶವಾಗಿಲ್ಲ, ಚಲನೆಯ ರೂಪದಲ್ಲಿ ಇಲ್ಲ ಅಷ್ಟೇ.

ಸಂವೇಗಕ್ಕೆ ಮಾತ್ರ ಹೀಗೆ ಅಡಗಲು ಜಾಗ ಇಲ್ಲ. ಕಾಯಿನ್ ಮೇಲೆ ಸ್ಟ್ರೈಕರ್ ಎಷ್ಟು ಬಲ ಹಾಕುತ್ತದೋ ಅಷ್ಟೇ ಬಲವನ್ನು ಕಾಯಿನ್ ಸ್ಟ್ರೈಕರ್ ಮೇಲೆ ತಿರುಗಿಸಿ ಹಾಕುತ್ತದೆ. ನ್ಯೂಟನ್ನನ ಮೂರನೆಯ ನಿಯಮ. ಇಬ್ಬರಿಗೂ ತಾಗಿಕೊಂಡಿರುವ ಸಮಯ ಒಂದೇ. ಒಬ್ಬರಿಗೆ ಎಷ್ಟು ಸಂವೇಗ ಬಂತೋ ಇನ್ನೊಬ್ಬರಿಂದ ಅಷ್ಟೇ ಹೋಯಿತು. ಬಿಲ್ಲೆಗಳು ಮರದ್ದೋ ಪ್ಲಾಸ್ಟಿಕ್ಕೋ, ಗಟ್ಟಿಯೋ ಮೆತ್ತಗೋ ಎಂಬುದರ ಮೇಲೆ ಇದು ನಿಂತಿಲ್ಲ.

ಹಾಗಾದರೆ ಬೋರ್ಡಿನ ಘರ್ಷಣೆ? ಮಂಗಳೂರು-ಉಡುಪಿಯ ಮಳೆಗಾಲದ ಆಟಿ ತಿಂಗಳಲ್ಲಿ ಕೇರಂ ಆಡಿದವರಿಗೆಲ್ಲ ಇದು ಗೊತ್ತು. ಹವೆಯ ಪಸೆಗೆ ಎಷ್ಟು ಪೌಡರ್ ಸುರಿದರೂ ಬೋರ್ಡ್ ಓಡುವುದಿಲ್ಲ, ಕಾಯಿನ್ ಅರ್ಧ ದಾರಿಯಲ್ಲೇ ನಿಲ್ಲುತ್ತದೆ. ಘರ್ಷಣೆ ಹೊರಗಿನ ಬಲ, ಅದು ಸಂವೇಗ ಕದಿಯುವುದು ನಿಜ. ಆದರೆ ಡಿಕ್ಕಿಯ ಹೊತ್ತಿನಲ್ಲಿ ಎಷ್ಟು ಕದಿಯುತ್ತದೆ? ಘರ್ಷಣಾಂಕ 0.2 ಎಂದು ಹಿಡಿಯಿರಿ. ಸ್ಟ್ರೈಕರ್ ಮೇಲೆ ಸುಮಾರು 0.03 ನ್ಯೂಟನ್ ಬಲ. ಬಿಲ್ಲೆಗಳು ಒಂದು ಮಿಲಿಸೆಕೆಂಡ್ ತಾಗಿಕೊಂಡಿದ್ದರೂ ಹೋಗುವುದು ನಮ್ಮ ಏಕಮಾನದಲ್ಲಿ 0.03. ಇದ್ದದ್ದು 60. ಎರಡು ಸಾವಿರದಲ್ಲಿ ಒಂದು ಪಾಲು. ಹಾಗಾಗಿ ಡಿಕ್ಕಿಯ ತೀರಾ ಮೊದಲಿನ ಮತ್ತು ತೀರಾ ನಂತರದ ವೇಗ ಬರೆದರೆ ಘರ್ಷಣೆಯನ್ನು ಮರೆಯಬಹುದು. ಕಾಯಿನ್ ಜಾರಿ ಹೋಗಿ ನಿಲ್ಲುವವರೆಗೆ ಎಳೆದರೆ ಮರೆಯುವ ಹಾಗಿಲ್ಲ.

ಈಗ ನಿಮ್ಮ ಮೊದಲ ಪ್ರಶ್ನೆಯ ಇನ್ನೊಂದು ಮಗ್ಗುಲು. ಎರಡು ನಿಯಮಗಳ ನಡುವೆ ಸಂಬಂಧವೇ ಇಲ್ಲವೇ? ಇದೆ. ನನಗೆ ಈ ಪಾಠದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ, ಆದರೆ ತರಗತಿಯಲ್ಲಿ ಇದಕ್ಕೆ ಸಮಯ ಸಿಗುವುದು ಕಡಿಮೆ.

ಹಾಲೆಂಡಿನ ಕ್ರಿಶ್ಚಿಯಾನ್ ಹೈಗೆನ್ಸ್ ಗೊತ್ತಲ್ಲ, ಮುಂದಿನ ವರ್ಷ ಬೆಳಕಿನ ಅಲೆಯ ಪಾಠದಲ್ಲಿ ಬರುತ್ತಾರೆ. ಡಿಕ್ಕಿಯ ನಿಯಮ ಏನು ಎಂದು 1668ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೇಳಿದಾಗ ಜಾನ್ ವಾಲಿಸ್, ಕ್ರಿಸ್ಟೋಫರ್ ರೆನ್ ಮತ್ತು ಹೈಗೆನ್ಸ್ ಉತ್ತರ ಬರೆದರು. ಹೈಗೆನ್ಸರ ವಾದದಲ್ಲಿ ಒಂದು ದೋಣಿ ಬರುತ್ತದೆ. ದೋಣಿಯಲ್ಲಿ ಒಬ್ಬ ನಿಂತು ಎರಡು ಗುಂಡುಗಳನ್ನು ಡಿಕ್ಕಿ ಹೊಡೆಸುತ್ತಾನೆ, ದಡದಲ್ಲಿ ಇನ್ನೊಬ್ಬ ನಿಂತು ಅದನ್ನೇ ನೋಡುತ್ತಾನೆ. ಇಬ್ಬರಿಗೂ ಕಾಣುವ ವೇಗ ಬೇರೆ ಬೇರೆ, ನಿಯಮ ಮಾತ್ರ ಒಂದೇ ಇರಬೇಕು. ಪೂರ್ತಿ ವಿವರಣೆ ಅಚ್ಚಾದದ್ದು ಅವರು ತೀರಿಹೋದ ಮೇಲೆ, 1703ರಲ್ಲಿ.

ನಾವು ಅದೇ ಉಪಾಯವನ್ನು ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ಮಾಡೋಣ. ಫಲ್ಗುಣಿ ನದಿ ದಾಟಿಸಿ ತಣ್ಣೀರುಬಾವಿಗೆ ಕರೆದೊಯ್ಯುವ ದೋಣಿಯಲ್ಲಿ ನೀವು ಕೇರಂ ಬೋರ್ಡ್ ಇಟ್ಟುಕೊಂಡು ಕೂತಿದ್ದೀರಿ. ದೋಣಿ 1 ಮೀ/ಸೆ ವೇಗದಲ್ಲಿ ಅಲುಗಾಡದೆ ಹೋಗುತ್ತಿದೆ. ಅಲುಗಾಡದ ದೋಣಿ ಲೆಕ್ಕದಲ್ಲಿ ಮಾತ್ರ ಸಿಗುತ್ತದೆ, ಇರಲಿ. ದೋಣಿ ಹೋಗುವ ದಿಕ್ಕಿಗೇ ಸ್ಟ್ರೈಕರ್ ಹೊಡೆದಿರಿ. ನಿಮಗೆ ಕಾಣುವುದು: ಮೊದಲು 4 ಮತ್ತು 0, ನಂತರ 2 ಮತ್ತು 6. ಜೆಟ್ಟಿಯಲ್ಲಿ ನಿಂತ ನಿಮ್ಮ ಅಣ್ಣನಿಗೆ ಎಲ್ಲದಕ್ಕೂ 1 ಸೇರುತ್ತದೆ: ಮೊದಲು 5 ಮತ್ತು 1, ನಂತರ 3 ಮತ್ತು 7. ಅವನ ಲೆಕ್ಕದಲ್ಲಿ ಚಲನಶಕ್ತಿ ಮೊದಲು 187.5 + 2.5 = 190. ನಂತರ 67.5 + 122.5 = 190. ಅವನಿಗೂ ಸರಿ.

ಈಗ ಒಂದು ಕಳ್ಳ ಉತ್ತರ ಹಾಕೋಣ. ಸ್ಟ್ರೈಕರ್ ಅಲ್ಲೇ ನಿಂತಿತು, ಅದರ 120 ಮಿಲಿಜೂಲ್ ಪೂರ್ತಿ ಕಾಯಿನ್‌ಗೆ ಹೋಯಿತು ಎನ್ನಿ. ಆಗ ಕಾಯಿನ್ನಿನ ವೇಗ ಸುಮಾರು 6.93 ಮೀ/ಸೆ ಆಗಬೇಕು. ದೋಣಿಯಲ್ಲಿರುವ ನಿಮಗೆ ಚಲನಶಕ್ತಿ ಸರಿಯಾಗಿ ಉಳಿದಿದೆ, ಯಾವ ದೂರೂ ಇಲ್ಲ. ಆದರೆ ಅಣ್ಣನಿಗೆ? ಸ್ಟ್ರೈಕರ್ 1, ಕಾಯಿನ್ 7.93. ಚಲನಶಕ್ತಿ 7.5 + 157.1, ಅಂದರೆ ಸುಮಾರು 164.6. ಅವನ 190ರಲ್ಲಿ 25.4 ಮಿಲಿಜೂಲ್ ಕಾಣೆ!

ಕಳ್ಳ ಎಲ್ಲಿದ್ದಾನೆ ನೋಡಿ. ಈ ಸುಳ್ಳು ಉತ್ತರದಲ್ಲಿ ಸಂವೇಗ 60ರಿಂದ 34.6ಕ್ಕೆ ಇಳಿದಿದೆ. ಕಾಣೆಯಾದದ್ದು 25.4. ಅಣ್ಣನ ಲೆಕ್ಕದಲ್ಲಿ ಕಾಣೆಯಾದ ಶಕ್ತಿಯೂ 25.4. ಇದು ಆಕಸ್ಮಿಕ ಅಲ್ಲ. ದೋಣಿಯಿಂದ ದಡಕ್ಕೆ ಬಂದಾಗ ಚಲನಶಕ್ತಿಗೆ ಸೇರುವುದು ಎರಡೇ: ದೋಣಿಯ ವೇಗ × ಒಟ್ಟು ಸಂವೇಗ, ಮತ್ತು ½ × ಒಟ್ಟು ರಾಶಿ × ದೋಣಿಯ ವೇಗದ ವರ್ಗ. ಎರಡನೆಯದು ಡಿಕ್ಕಿಯಿಂದ ಬದಲಾಗುವುದಿಲ್ಲ. ಬದಲಾಗಲು ಸಾಧ್ಯ ಇರುವುದು ಮೊದಲನೆಯದು ಮಾತ್ರ. ಚಲನಶಕ್ತಿ ದೋಣಿಯಲ್ಲೂ ದಡದಲ್ಲೂ ಉಳಿಯಬೇಕಾದರೆ ಸಂವೇಗ ಉಳಿಯಲೇಬೇಕು.

ಅಂದರೆ ನಿಮ್ಮ ಅನುಮಾನದಲ್ಲಿ ಅರ್ಧ ಸತ್ಯ ಇದೆ. ನೋಡುವವರು ಯಾರೇ ಆಗಿರಲಿ, ಎಲ್ಲರಿಗೂ ಚಲನಶಕ್ತಿ ಉಳಿಯುತ್ತದೆ ಎಂದರೆ ಸಂವೇಗ ಅದರ ಒಳಗೇ ಬಂತು. ಒಬ್ಬರೇ ನಿಂತು ಒಂದೇ ಸಲ ಅಳೆದರೆ ಬರುವುದಿಲ್ಲ, ಆಗ ಎರಡು ಸಮೀಕರಣ ಬೇಕು. ಸಂವೇಗದಿಂದ ಚಲನಶಕ್ತಿಯ ಕಡೆಗೆ ಮಾತ್ರ ದಾರಿ ಇಲ್ಲವೇ ಇಲ್ಲ. ಅಂಟಿನ ಉದಾಹರಣೆಯೇ ಸಾಕ್ಷಿ.

ಇನ್ನು ಅಂಚು. ಅದಕ್ಕೆ ಮೊದಲು ಆಟವನ್ನು ತಿರುಗಿಸಿ. ಸುಮ್ನೆ ಕೂತಿರುವ 15 ಗ್ರಾಂ ಸ್ಟ್ರೈಕರ್‌ಗೆ 5 ಗ್ರಾಂ ಕಾಯಿನ್ 4 ಮೀ/ಸೆ ವೇಗದಲ್ಲಿ ಬಂದು ಬಡಿಯಲಿ. ಕಾಯಿನ್ 2 ಮೀ/ಸೆ ವೇಗದಲ್ಲಿ ಹಿಂದಕ್ಕೆ, ಸ್ಟ್ರೈಕರ್ 2 ಮೀ/ಸೆ ವೇಗದಲ್ಲಿ ಮುಂದಕ್ಕೆ. ಸಂವೇಗ ಮೊದಲು 20. ನಂತರ ಕಾಯಿನ್ನಿನದು −10, ಸ್ಟ್ರೈಕರಿನದು +30. ಕೂಡಿದರೆ 20. ಸ್ವಾರಸ್ಯ ಏನೆಂದರೆ, ಕಾಯಿನ್ ತಂದದ್ದೇ 20, ಸ್ಟ್ರೈಕರ್ ತಗೊಂಡದ್ದು 30. ಕಾಯಿನ್ ಮೈನಸ್‌ಗೆ ಹೋದದ್ದರಿಂದ ಇದು ಸಾಧ್ಯ.

ಫ್ರಾನ್ಸಿನ ದೊಡ್ಡ ತತ್ವಜ್ಞಾನಿ ರೆನೆ ಡೇಕಾರ್ಟ್ ಎಡವಿದ್ದು ಇಲ್ಲೇ. 1644ರ ಅವರ ಗ್ರಂಥದಲ್ಲಿ ಡಿಕ್ಕಿಗೆ ಏಳು ನಿಯಮಗಳಿವೆ. ಕೂತಿರುವ ದೊಡ್ಡ ವಸ್ತುವನ್ನು ಚಿಕ್ಕ ವಸ್ತು ಎಷ್ಟೇ ಜೋರಾಗಿ ಬಡಿದರೂ ಕದಲಿಸಲಾರದು, ಬಂದ ಜವದಲ್ಲೇ ವಾಪಸ್ ಹೋಗುತ್ತದೆ ಎನ್ನುವುದು ಅವುಗಳಲ್ಲಿ ಒಂದು. ಅವರು ರಾಶಿಯನ್ನು ಜವದಿಂದ ಗುಣಿಸಿದರೇ ಹೊರತು ದಿಕ್ಕನ್ನು ಲೆಕ್ಕಕ್ಕೆ ತಗೊಳ್ಳಲಿಲ್ಲ. ಪ್ಲಸ್-ಮೈನಸ್ ಇಲ್ಲದಿದ್ದರೆ, ಬಂದಷ್ಟೇ ಜವದಲ್ಲಿ ವಾಪಸ್ ಹೋದ ಕಾಯಿನ್ ಏನನ್ನೂ ಕೊಟ್ಟಿಲ್ಲ ಅಂತಲೇ ಕಾಣುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನೀವು ಮೈನಸ್ ಹಾಕಿದ್ದೀರಿ. ಆ ಮಟ್ಟಿಗೆ ಡೇಕಾರ್ಟ್‌ಗಿಂತ ಒಂದು ಹೆಜ್ಜೆ ಮುಂದಿದ್ದೀರಿ.

ಈಗ ಕೂತಿರುವ ವಸ್ತುವನ್ನು ಇನ್ನೂ ದೊಡ್ಡದು ಮಾಡುತ್ತಾ ಹೋಗಿ, 15 ಕೆಜಿಯ ಇಡೀ ಬೋರ್ಡ್ ಆಗುವವರೆಗೆ. ಸ್ಟ್ರೈಕರ್ 4ರಲ್ಲಿ ಹೋಗಿ ಅಂಚಿನ ಮರದ ಪಟ್ಟಿಗೆ ಬಡಿದು ಹೆಚ್ಚುಕಡಿಮೆ 4ರಲ್ಲೇ ಹಿಂದೆ ಬಂತು. ಅದರ ಸಂವೇಗ +60ರಿಂದ −60 ಆಯಿತು. ಹಾಗಾದರೆ ಬೋರ್ಡ್‌ಗೆ +120 ಹೋಗಿರಬೇಕು, ಹೋಗಿದೆ. ಬೋರ್ಡನ್ನು ನುಣುಪಾದ ಮಂಜುಗಡ್ಡೆಯ ಮೇಲೆ ಇಟ್ಟಿದ್ದರೆ ಅದು ಸೆಕೆಂಡಿಗೆ 8 ಮಿಲಿಮೀಟರ್ ವೇಗದಲ್ಲಿ ಜಾರುತ್ತಾ ಹೋಗುವುದು ಕಾಣುತ್ತಿತ್ತು. ನಿಮ್ಮ ಮನೆಯಲ್ಲಿ ಬೋರ್ಡ್ ಸ್ಟೂಲಿನ ಮೇಲೆ, ಸ್ಟೂಲ್ ನೆಲದ ಮೇಲೆ. ಹಾಗಾಗಿ ಆ 120 ನೆಲಕ್ಕೆ, ಭೂಮಿಗೆ ಇಳಿದುಹೋಗುತ್ತದೆ. ಭೂಮಿಯ ರಾಶಿ 6ರ ಮುಂದೆ 24 ಸೊನ್ನೆ ಕೆಜಿ. ಅದು ಕದಲಿದ್ದು ಯಾವ ಉಪಕರಣಕ್ಕೂ ಸಿಗದು.

ಶಕ್ತಿ ಮಾತ್ರ ಸ್ಟ್ರೈಕರ್ ಹತ್ತಿರವೇ ಉಳಿದದ್ದು ಯಾಕೆ? ಮೇಲೆ ಹೇಳಿದ ಕೀಲಿಕೈ. ಸಂವೇಗದ ವರ್ಗವನ್ನು ರಾಶಿಯ ಎರಡರಷ್ಟರಿಂದ ಭಾಗಿಸಿ. ಮಂಜುಗಡ್ಡೆ ಮೇಲಿನ ಬೋರ್ಡ್‌ಗೆ ಸಿಕ್ಕಿದ್ದು 0.48 ಮಿಲಿಜೂಲ್, 120ರಲ್ಲಿ 0.4%. ಭೂಮಿಗೆ ಸಿಕ್ಕಿದ್ದು ಸೊನ್ನೆ ಎಂದೇ ಬರೆಯಿರಿ. ದೊಡ್ಡ ವಸ್ತು ಸಂವೇಗವನ್ನು ಎಷ್ಟು ಬೇಕಾದರೂ ನುಂಗುತ್ತದೆ, ಶಕ್ತಿಯನ್ನು ಮುಟ್ಟುವುದೇ ಇಲ್ಲ. ಸ್ಟ್ರೈಕರ್ ಒಂದನ್ನೇ ನೋಡಿದ್ದರಿಂದ ನಿಮಗೆ ಸಂವೇಗ ಕಾಣೆಯಾದಂತೆ ಕಂಡಿತು. ಹೊರಗಿನಿಂದ ಬಲ ಬೀಳುತ್ತಿದ್ದರೆ ಬಲ ಹಾಕುವವರನ್ನೂ ಲೆಕ್ಕಕ್ಕೆ ಸೇರಿಸಬೇಕು.

ಅಣ್ಣನ ಮಾತಿಗೆ ಸಣ್ಣ ಉತ್ತರ: ಅರ್ಧ ಸರಿ. ಸ್ಟ್ರೈಕರ್ ವೇಗ ಅಷ್ಟೇ ಇದ್ದು ತೂಕ ಮಾತ್ರ 15ರಿಂದ 30 ಗ್ರಾಂ ಆದರೆ ಕಾಯಿನ್ 6ರ ಬದಲು ಸುಮಾರು 6.9 ಮೀ/ಸೆ ವೇಗದಲ್ಲಿ ಹೋಗುತ್ತದೆ. ಎಷ್ಟೇ ಭಾರ ಮಾಡಿದರೂ 8 ದಾಟುವುದಿಲ್ಲ, ಸ್ಟ್ರೈಕರ್ ವೇಗದ ಎರಡು ಪಟ್ಟೇ ಮಿತಿ. ಆದರೆ ಬೆರಳು ಬೇಕಲ್ಲ! ಬೆರಳು ಕೊಡುವ ಶಕ್ತಿ ಅಷ್ಟೇ ಎಂದು ಹಿಡಿದರೆ ಭಾರದ ಸ್ಟ್ರೈಕರ್ ನಿಧಾನ ಹೊರಡುತ್ತದೆ. 15 ಗ್ರಾಮಿನದು ತನ್ನ ಶಕ್ತಿಯ 75% ಕಾಯಿನ್‌ಗೆ ದಾಟಿಸಿದರೆ 30 ಗ್ರಾಮಿನದು 49% ಮಾತ್ರ ದಾಟಿಸುತ್ತದೆ. ಉಳಿದದ್ದನ್ನು ಇಟ್ಟುಕೊಂಡು ಸೀದಾ ಪಾಕೆಟ್‌ಗೆ ಹೋಗಿ ಬೀಳುತ್ತದೆ.

ಕೇರಂನಲ್ಲಿ 'ಟಕ್' ಶಬ್ದ ತಪ್ಪಿದ್ದಲ್ಲ ಎಂದಾದರೆ ಪೂರ್ತಿ ಎಲಾಸ್ಟಿಕ್ ಡಿಕ್ಕಿ ಎಲ್ಲಾದರೂ ಇದೆಯೇ ಎಂದು ನೀವು ಕೇಳಬಹುದು. ಇದೆ, ಪರಮಾಣುಗಳ ಲೋಕದಲ್ಲಿ. 1914ರಲ್ಲಿ ಜೇಮ್ಸ್ ಫ್ರಾಂಕ್ ಮತ್ತು ಗುಸ್ತಾವ್ ಹರ್ಟ್ಸ್ ಪಾದರಸದ ಆವಿಯ ಒಳಗೆ ಎಲೆಕ್ಟ್ರಾನ್‌ಗಳನ್ನು ಓಡಿಸಿದರು. ಓಡಿಸುವ ವೋಲ್ಟೇಜ್ 4.9 ವೋಲ್ಟ್‌ಗಿಂತ ಕಡಿಮೆ ಇರುವಾಗ ಎಲೆಕ್ಟ್ರಾನ್‌ಗಳು ಪಾದರಸದ ಪರಮಾಣುಗಳಿಗೆ ಬಡಿದು ಹೆಚ್ಚುಕಡಿಮೆ ಪೂರ್ತಿ ಶಕ್ತಿ ಇಟ್ಟುಕೊಂಡೇ ಚಿಮ್ಮುತ್ತಿದ್ದವು. 4.9 ಮುಟ್ಟಿದ ಕೂಡಲೇ ಆ ಶಕ್ತಿಯನ್ನು ಒಂದೇ ಏಟಿಗೆ ಕಳೆದುಕೊಂಡವು. ಪಾದರಸದ ಪರಮಾಣು ತನ್ನೊಳಗೆ ಶಕ್ತಿ ತಗೊಳ್ಳುವ ಮೊದಲ ಮೆಟ್ಟಿಲು ಅಷ್ಟು ಎತ್ತರದಲ್ಲಿದೆ. ಅದಕ್ಕಿಂತ ಕಡಿಮೆ ಕೊಟ್ಟರೆ ಅದು ಮುಟ್ಟುವುದಿಲ್ಲ. ಕೇರಂ ಬಿಲ್ಲೆಯಲ್ಲಿ ಹಾಗಲ್ಲ, ಎಷ್ಟು ಚೂರು ಶಕ್ತಿ ಬಂದರೂ ಒಳಗೆ ಎಲ್ಲೋ ಕಂಪನವಾಗಿ ಸೇರಿಕೊಳ್ಳುತ್ತದೆ.

1932ರಲ್ಲಿ ಜೇಮ್ಸ್ ಚಾಡ್ವಿಕ್ ನ್ಯೂಟ್ರಾನನ್ನು ಹಿಡಿದದ್ದೂ ಈ ಎರಡು ಸಮೀಕರಣಗಳಿಂದಲೇ. ವಿದ್ಯುದಂಶ ಇಲ್ಲದ ಕಣ, ನೇರವಾಗಿ ಹಿಡಿಯಲು ಬಾರದು. ಅದು ಬಡಿದು ಓಡಿಸಿದವರ ವೇಗ ಅಳೆದರು. ಹೈಡ್ರೋಜನ್ನಿನ ನ್ಯೂಕ್ಲಿಯಸ್ ಸೆಕೆಂಡಿಗೆ ಸುಮಾರು 33,000 ಕಿ.ಮೀ., ನೈಟ್ರೋಜನ್ನಿನದು ಸುಮಾರು 4,700 ಕಿ.ಮೀ. ಭಾಗಿಸಿದರೆ ಸುಮಾರು 7. ನ್ಯೂಟ್ರಾನಿನ ರಾಶಿಗೆ ನೈಟ್ರೋಜನ್ನಿನ ರಾಶಿ 14 ಕೂಡಿಸಿ, ಅದೇ ರಾಶಿಗೆ ಹೈಡ್ರೋಜನ್ನಿನ 1 ಕೂಡಿಸಿದ್ದರಿಂದ ಭಾಗಿಸಿದರೆ ಈ 7 ಬರಬೇಕು. ಬಿಡಿಸಿ ನೋಡಿ, ರಾಶಿ 1.16ರ ಆಸುಪಾಸು ಬರುತ್ತದೆ. ಪ್ರೋಟಾನಿಗೆ ಹತ್ತಿರ. ಇದನ್ನು ಬಿಡಿಸಲು ಪ್ರಥಮ ಪಿಯುಸಿಯ ಬೀಜಗಣಿತವೇ ಸಾಕು.

ನಮ್ಮ ಕರಾವಳಿಯ ಉತ್ತರ ತುದಿಯಲ್ಲಿ, ಕಾರವಾರದ ಹತ್ತಿರ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಅಲ್ಲಿ ನ್ಯೂಟ್ರಾನ್‌ಗಳ ವೇಗ ಇಳಿಸಲು ಭಾರಜಲ ತುಂಬಿರುತ್ತಾರೆ. ಯಾಕೆ? ನೇರ ಡಿಕ್ಕಿಯಲ್ಲಿ ನ್ಯೂಟ್ರಾನ್ ಯುರೇನಿಯಂನ ನ್ಯೂಕ್ಲಿಯಸ್‌ಗೆ ಬಡಿದು ಚಿಮ್ಮಿದರೆ ಹೆಚ್ಚೆಂದರೆ 1.7% ಶಕ್ತಿ ಬಿಟ್ಟುಕೊಡುತ್ತದೆ. ಥೇಟ್ ನಿಮ್ಮ ಸ್ಟ್ರೈಕರ್ ಮತ್ತು ಅಂಚು. ಇಂಗಾಲಕ್ಕೆ ಬಡಿದರೆ 28%, ಭಾರಜಲದಲ್ಲಿರುವ ಭಾರದ ಹೈಡ್ರೋಜನ್ ಆದ ಡ್ಯೂಟೀರಿಯಂಗೆ 89%. ಸಾಮಾನ್ಯ ಹೈಡ್ರೋಜನ್ ಸಮತೂಕದ್ದು, 100% ತಗೊಳ್ಳುತ್ತದೆ. ಆದರೆ ಅದು ನ್ಯೂಟ್ರಾನನ್ನೇ ನುಂಗುವ ಸಂಭವ ಡ್ಯೂಟೀರಿಯಂಗಿಂತ ಬಹಳ ಜಾಸ್ತಿ. ಪುಷ್ಟೀಕರಿಸದ ಯುರೇನಿಯಂ ಉರಿಸುವ ಕೈಗಾದಂಥ ಸ್ಥಾವರಕ್ಕೆ ಆ ನಷ್ಟ ತಡೆಯದು.

ಕೊನೆಗೆ ಮನೆಯಲ್ಲೇ ಮಾಡಲು ಒಂದು ಪ್ರಯೋಗ. ನೇರ ಹೊಡೆತ ಬಿಟ್ಟು ಕಟ್ ಹೊಡೆತಕ್ಕೆ ಬನ್ನಿ. ಬೋರ್ಡ್ ಮೇಲೆ ಪೌಡರನ್ನು ತೆಳ್ಳಗೆ ಹರಡಿ, ಬಿಲ್ಲೆಗಳು ಹೋದ ಗೆರೆ ಕಾಣುವಷ್ಟು. ಸ್ಟ್ರೈಕರ್ ಬದಲು ಒಂದು ಕಾಯಿನ್ನಿನಿಂದಲೇ ಇನ್ನೊಂದು ಕಾಯಿನ್‌ಗೆ ಹೊಡೆಯಿರಿ. ಎರಡರ ರಾಶಿ ಸಮ. ಪೂರ್ತಿ ಎಲಾಸ್ಟಿಕ್ ಆದರೆ ಡಿಕ್ಕಿಯ ನಂತರ ಎರಡೂ ಗೆರೆಗಳ ನಡುವೆ 90 ಡಿಗ್ರಿ ಬರಬೇಕು. ಸಂವೇಗಗಳು ದಿಕ್ಕಿನ ಜೊತೆ ಕೂಡಿ ಒಂದು ತ್ರಿಭುಜ ಆಗುತ್ತವೆ. ರಾಶಿ ಸಮ ಇರುವಾಗ ಚಲನಶಕ್ತಿ ಉಳಿಯುವುದು ಎಂದರೆ ಆ ತ್ರಿಭುಜದ ಬಾಹುಗಳಿಗೆ ಪೈಥಾಗೊರಸ್ ಪ್ರಮೇಯ ಒಪ್ಪುವುದು ಎಂದೇ ಅರ್ಥ.

15 ಗ್ರಾಂ ಸ್ಟ್ರೈಕರ್‌ನಿಂದ ಹೊಡೆದಾಗ ಹೀಗೆ ಬರುವುದಿಲ್ಲ. ಎಷ್ಟೇ ಕಟ್ ಮಾಡಿದರೂ ಒಂದು ಕಾಯಿನ್‌ಗೆ ತಾಗಿದ ಸ್ಟ್ರೈಕರ್ ತನ್ನ ದಾರಿಯಿಂದ 19.5 ಡಿಗ್ರಿಗಿಂತ ಜಾಸ್ತಿ ತಿರುಗಲಾರದು. ಆ ಕೋನದ ಸೈನ್ 5/15. ಅಷ್ಟು ತಿರುಗುವಾಗ ಕಾಯಿನ್ ಇನ್ನೊಂದು ಬದಿಗೆ ಸುಮಾರು 35 ಡಿಗ್ರಿಯಲ್ಲಿ ಹೋಗುತ್ತದೆ.

ಎರಡು ಕಾಯಿನ್‌ಗಳ ಪ್ರಯೋಗದಲ್ಲಿ ಕೋನ 90ಕ್ಕಿಂತ ಕಡಿಮೆ ಬಂದೇ ಬರುತ್ತದೆ, ಆ ಕೊರತೆಯನ್ನೇ ಅಳೆಯಿರಿ. ಹೊಡೆಸಿಕೊಂಡ ಕಾಯಿನ್ 30 ಡಿಗ್ರಿಗೆ ಹೋಗುವಂತೆ ತಾಗಿಸಿದಾಗ ಎರಡು ಗೆರೆಗಳ ನಡುವೆ 80 ಡಿಗ್ರಿ ಬಂದರೆ, ತಾಗಿದ ದಿಕ್ಕಿನಲ್ಲಿ ದೂರ ಸರಿದ ವೇಗ ಹತ್ತಿರ ಬಂದ ವೇಗದ 80% ಆಸುಪಾಸು ಎಂದು ಲೆಕ್ಕ. ನಟ್ಟನಡುವೆ ತಾಗಿದ ಹೊಡೆತಗಳನ್ನು ಬಿಟ್ಟುಬಿಡಿ, ಅಲ್ಲಿ ಎರಡೂ ಗೆರೆ ಒಂದರ ಮೇಲೊಂದು ಬರುತ್ತವೆ. ತಾಗಿದ ಜಾಗದ ಹತ್ತಿರದ ಗೆರೆಯನ್ನೇ ಅಳೆಯಿರಿ. ಮತ್ತೆ, ಮಳೆ ಬಿಟ್ಟ ದಿನ ಮಾಡಿ.